ತಕ್ಕಡಿಯವರ ಬೆನ್ನುಚೀಲ

ಸೋಮವಾರ ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷಕ್ಕೆ ತಕ್ಕಡಿಯವರು ಬೆನ್ನ ಮೇಲೆ ದೊಡ್ಡದೊಂದು ಕೆಂಪು ಚೀಲ ಹೊತ್ತು, ಎರಡನೇ ಮಹಡಿಯಿಂದ ಮೆಟ್ಟಿಲಿಳಿದು, ಗೇಟು ತೆರೆದು ಬೀದಿಗೆ ಹೋದರು.

ನಡೆದದ್ದು ಇಷ್ಟೇ. ಆ ವಾರ ಕಟ್ಟಡದಲ್ಲಿ ಹುಟ್ಟಿಕೊಂಡ ಉಳಿದೆಲ್ಲ ಸಂಗತಿಗಳಿಗೆ ಮೂಲ ಕೆಳಮನೆ ಅಜ್ಜಿಯ ಕಿಟಕಿ.

ಆ ಕಿಟಕಿ ಗೇಟಿಗೆ ನೇರವಾಗಿದೆ. ಅಜ್ಜಿ ಬೆಳಗಿನ ಹೊತ್ತು ಅಲ್ಲೇ ಕುಳಿತು ತರಕಾರಿ ಹೆಚ್ಚುತ್ತಾರೆ. ಅವರಿಗೆ ಚಾಡಿ ಹೇಳುವ ಅಭ್ಯಾಸವಿದೆ ಎಂದು ಯಾರಾದರೂ ಅಂದರೆ ಅದು ಅನ್ಯಾಯ. ಅವರದು ಜವಾಬ್ದಾರಿ. ಕೆಲವು ವರ್ಷಗಳ ಹಿಂದೆ ಮೂರನೇ ಮಹಡಿಯ ಯಜಮಾನರು ಒಂದು ಬೆಳಿಗ್ಗೆ ಸೂಟ್‌ಕೇಸ್ ಹಿಡಿದು ಇದೇ ಗೇಟಿನಿಂದ ಹೊರಟಾಗ ಅಜ್ಜಿ 'ಹೋಗಿ ಬನ್ನಿ' ಎಂದು ಕೈಬೀಸಿದ್ದರು. ಅವರು ಹೋದರು, ಬರಲು ಎರಡು ವರ್ಷ ತೆಗೆದುಕೊಂಡರು. ಎಲ್ಲಿದ್ದಿರಿ ಎಂದು ಕೇಳಿದವರಿಗೆಲ್ಲ 'ಸ್ವಲ್ಪ ಸುತ್ತಾಡಿ ಬಂದೆ' ಎಂದಷ್ಟೇ ಹೇಳಿದರು. ಅಂದಿನಿಂದ ಅಜ್ಜಿ ಸಾಮಾನು ಹೊತ್ತು ಹೊರಟವರಿಗೆ ಕೈಬೀಸುವುದನ್ನು ಬಿಟ್ಟಿದ್ದಾರೆ. ಪ್ರತಿ ಮನೆಯ ಹತ್ತಿರದ ನೆಂಟರೊಬ್ಬರ ಫೋನ್ ನಂಬರನ್ನು ಬಾಯಿಪಾಠ ಮಾಡಿಕೊಂಡಿದ್ದಾರೆ.

ಇನ್ನು ತಕ್ಕಡಿಯವರ ವಿಷಯ. ಅವರು ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರು. ಅಂಗಡಿಗಳ ತಕ್ಕಡಿ ಪರೀಕ್ಷಿಸಿ ಮುದ್ರೆ ಒತ್ತುವುದು ಅವರ ಉದ್ಯೋಗ. ಅವರು ಕೊಳ್ಳಲು ಹೋದ ದಿನ ತರಕಾರಿಯವನು ಎರಡು ಬದನೆಕಾಯಿ ಹೆಚ್ಚಿಗೆ ಹಾಕುತ್ತಾನೆ, ಅವರು ಆ ಎರಡನ್ನು ತೆಗೆದು ವಾಪಸ್ ಇಡುತ್ತಾರೆ. ಇಂಥ ಮನುಷ್ಯನಿಗೆ ಹೋದ ವರ್ಷ ಹಕ್ಕಿಗಳ ಫೋಟೋ ತೆಗೆಯುವ ಹುಚ್ಚು ಹಿಡಿಯಿತು. ಕ್ಯಾಮೆರಾ ಬಂತು. ಕ್ಯಾಮೆರಾದ ಹಿಂದೆಯೇ ಮೊಳದುದ್ದದ ಲೆನ್ಸು ಬಂತು. ಇವೆರಡನ್ನೂ ಒಂದು ಹೆಗಲಚೀಲದಲ್ಲಿ ಹಾಕಿಕೊಂಡು ಅವರು ನಿವೃತ್ತ ಡ್ರಿಲ್ ಮೇಷ್ಟ್ರು ನಡೆಸುವ ಭಾನುವಾರದ ಹಕ್ಕಿ ಬಳಗಕ್ಕೆ ಸೇರಿದರು.

ಬಳಗದವರು ಹತ್ತುವ ಬೆಟ್ಟದ ಮೇಲೊಂದು ಕೆರೆಯಿದೆ. ಆ ಕೆರೆಯ ದಂಡೆಯಲ್ಲಿ ಈ ಸಲ ಒಂದು ಜೋಡಿ ಮಿಂಚುಳ್ಳಿ ಗೂಡು ಮಾಡಿತ್ತು. ತಕ್ಕಡಿಯವರು ಅದನ್ನು ನೋಡಲು ಎರಡು ಸಲ ಹೊರಟರು. ಎರಡೂ ಸಲ ಅರ್ಧ ಬೆಟ್ಟದಲ್ಲಿ ಹೆಗಲು ಹಿಡಿದುಕೊಂಡು ಕಲ್ಲಿನ ಮೇಲೆ ಕುಳಿತರು. ಅವರನ್ನು ಕೆಳಗಿಳಿಸಲು ಇಬ್ಬರು ಬೇಕಾದ್ದರಿಂದ ಆ ಇಬ್ಬರಿಗೂ ಹಕ್ಕಿ ಸಿಗಲಿಲ್ಲ.

ಎರಡನೇ ಸಲ ಡ್ರಿಲ್ ಮೇಷ್ಟ್ರು ಸೀಟಿಯನ್ನು ಬಾಯಿಂದ ತೆಗೆದರು. ಅವರು ಸೀಟಿ ತೆಗೆದು ಮಾತಾಡುವುದು ಅಪರೂಪ.

"ನೋಡ್ರಿ, ಮುಂದಿನ ಭಾನುವಾರ ಕೊನೇ ಸಲ. ಮರಿ ಹಾರೋ ಹಾಗಾಗಿವೆ, ಆಮೇಲೆ ಹಕ್ಕಿ ಅಲ್ಲಿರಲ್ಲ. ಕೆರೆ ಮುಟ್ಟೋವರೆಗೆ ಎಲ್ಲೂ ಕೂರಬಾರದು. ಕೂತ್ರೋ, ನೀವು ಪಾರ್ಕಿನ ಪಾರಿವಾಳದ ಫೋಟೋ ತೆಗೀರಿ. ನಮ್ಮ ಜೊತೆ ಬೇಡ."

ಪಾರಿವಾಳ ಎಂಬ ಮಾತು ತಕ್ಕಡಿಯವರಿಗೆ ನಾಟಿತು. ಅವರು ನೇರ ಚೀಲದಂಗಡಿಗೆ ಹೋದರು.

ಅಂಗಡಿಯ ಯಜಮಾನಿ ಗಂಡು ತೋರಿಸುವವರ ಹುರುಪಿನಲ್ಲಿ ಚೀಲ ತೋರಿಸುವ ಹೆಂಗಸು. "ಸಾರ್, ಚೀಲಾನ ಕಣ್ಣಲ್ಲಿ ನೋಡಿ ಒಪ್ಕೋಬೇಡಿ. ಹೊತ್ತು ನೋಡಿ, ಎರಡು ದಿನ ಬಾಳ್ವೆ ಮಾಡಿ. ಹೊಂದಿಕೆ ಆಗ್ಲಿಲ್ವಾ, ವಾಪಸ್ ತಂದ್ಬಿಡಿ, ಬೇರೆ ಕೊಡ್ತೀನಿ. ಬೆಲೆ ಚೀಟಿ ಮಾತ್ರ ಕೀಳಬೇಡಿ, ಕೊಳೆ ಮಾಡಬೇಡಿ. ಭಾರ ಹೆಗಲ ಮೇಲೆ ಕೂತ್ರೆ ಅದು ನಿಮ್ಮ ಚೀಲ ಅಲ್ಲ. ಸೊಂಟದ ಮೇಲೆ ಕೂತ್ರೆ ನಿಮ್ಮದು."

ತಕ್ಕಡಿಯವರಿಗೆ ಈ ಮಾತು ಹಿಡಿಸಿತು. ಆದರೆ ಪರೀಕ್ಷೆಯಾಗದ ಚೀಲದಲ್ಲಿ ಕ್ಯಾಮೆರಾ ಹಾಕಲು ಅವರ ಇಲಾಖೆಯ ಮನಸ್ಸು ಒಪ್ಪಲಿಲ್ಲ.

"ಮುದ್ರೆ ಬೀಳದ ತಕ್ಕಡೀಲಿ ಯಾರಾದ್ರೂ ಚಿನ್ನ ತೂಗ್ತಾರೇನೇ?" ಎಂದು ಹೆಂಡತಿಯನ್ನು ಕೇಳಿದರು.

"ನಮ್ಮನೇಲಿ ಚಿನ್ನ ಎಲ್ಲಿದೆ ತೂಗೋಕೆ?" ಎಂದಳು ಹೆಂಡತಿ.

ಅದೇ ಭಾನುವಾರ ಸಂಜೆ ಅವರು ಅಡುಗೆಮನೆಯಲ್ಲಿ ತಕ್ಕಡಿ ಇಟ್ಟುಕೊಂಡು ಕುಳಿತರು. ಒಂದು ತಟ್ಟೆಯಲ್ಲಿ ಕ್ಯಾಮೆರಾ, ಲೆನ್ಸು, ಬ್ಯಾಟರಿಗಳು. ಇನ್ನೊಂದು ತಟ್ಟೆಯಲ್ಲಿ ಅಷ್ಟೇ ತೂಕದ ಬದಲಿ ಸಾಮಾನು. ಕ್ಯಾಮೆರಾದ ಬದಲು ಇಸ್ತ್ರಿ ಪೆಟ್ಟಿಗೆ. ಲೆನ್ಸಿನ ಬದಲು ಲಟ್ಟಣಿಗೆ, ಏಕೆಂದರೆ ತೂಕ ಮಾತ್ರವಲ್ಲ, ಉದ್ದವೂ ಹೊಂದಬೇಕು. ಬ್ಯಾಟರಿಗಳ ಬದಲು ಉಪ್ಪಿನ ಜಾಡಿ. ಆದರೂ ಮುಳ್ಳು ಕೂದಲೆಳೆಯಷ್ಟು ಅತ್ತ ವಾಲಿತ್ತು. ಒಂದು ಚಮಚ ಹಾಕಿದರು. ಮುಳ್ಳು ನೆಟ್ಟಗೆ ನಿಂತಿತು. ತಕ್ಕಡಿಯವರು ಹಿಂದೆ ಸರಿದು ಆ ದೃಶ್ಯವನ್ನು ನೋಡಿದರು. ಸೇವಾವಧಿಯಲ್ಲಿ ಇಷ್ಟು ಅಂದವಾಗಿ ನಿಂತ ಮುಳ್ಳನ್ನು ಅವರು ಕಂಡಿರಲಿಲ್ಲ.

"ಭಾನುವಾರದೊಳಗೆ ನನ್ನ ಇಸ್ತ್ರಿ ಪೆಟ್ಟಿಗೆ ವಾಪಸ್ ಬರ್ಬೇಕು," ಎಂದಳು ಹೆಂಡತಿ. "ಲಟ್ಟಣಿಗೇನೂ."

ಹೀಗಾಗಿ ಸೋಮವಾರ ಬೆಳಿಗ್ಗೆ ಅವರು ಬೆನ್ನ ಮೇಲೆ ಹೊತ್ತು ಹೊರಟದ್ದು ಇಸ್ತ್ರಿ ಪೆಟ್ಟಿಗೆ, ಲಟ್ಟಣಿಗೆ, ಉಪ್ಪಿನ ಜಾಡಿ ಮತ್ತು ಒಂದು ಚಮಚ. ಬೀದಿ ಸುತ್ತಿ ಹಾಗೆಯೇ ಕಚೇರಿಗೆ ಹೋದರು. ಸಂಜೆ ಅದೇ ಚೀಲ ಹೊತ್ತು ಬಂದರು.

ಬುಧವಾರ ಅವರ ಬೆನ್ನ ಮೇಲೆ ನೀಲಿ ಚೀಲವಿತ್ತು. ಕೆಂಪು ಚೀಲದ ಪಟ್ಟಿ ಸಣ್ಣದು, ಹೆಗಲು ಕೊಯ್ದಿತ್ತು. ಅಜ್ಜಿಗೆ ಈ ಕಾರಣ ಗೊತ್ತಿರಲಿಲ್ಲ. ಅವರಿಗೆ ಗೊತ್ತಿದ್ದದ್ದು ಚೀಲ ಬದಲಾಗಿದೆ ಎಂಬುದು ಮಾತ್ರ.

ಅದೇ ಬೆಳಿಗ್ಗೆ ಅಜ್ಜಿ ಎರಡನೇ ಮಹಡಿ ಹತ್ತಿ, ತಕ್ಕಡಿಯವರ ಹೆಂಡತಿಯ ಹತ್ತಿರ ಇಸ್ತ್ರಿ ಪೆಟ್ಟಿಗೆ ಎರವಲು ಕೇಳಿದರು.

"ಅಯ್ಯೋ ಅಜ್ಜಿ, ಅದು ಮನೇಲಿಲ್ಲ. ಅವರೇ ತಗೊಂಡು ಹೋಗಿದ್ದಾರೆ."

ಅಜ್ಜಿ ಬಾಗಿಲ ಚೌಕಟ್ಟು ಹಿಡಿದುಕೊಂಡರು. "ಇಸ್ತ್ರಿ ಪೆಟ್ಟಿಗೇನಾ?"

"ಲಟ್ಟಣಿಗೇನೂ ಹೋಯ್ತು ಅಜ್ಜಿ. ಉಪ್ಪಿನ ಜಾಡೀನೂ. ಇವತ್ತು ಅಡುಗೆಗೆ ಪಕ್ಕದ ಮನೆಯಿಂದ ಉಪ್ಪು ತಂದೆ." ಹೆಂಡತಿ ನಗುತ್ತಿದ್ದಳು.

"ನೀನು ಸುಮ್ನಿದ್ದೀಯಲ್ಲ ಮಗಳೇ!"

"ಮತ್ತೇನ್ಮಾಡ್ಲಿ? ಹೇಳಿದ್ರೆ ಕೇಳೋ ಜನವಾ ಅವರು? ಭಾನುವಾರ ಒಂದ್ಸಲ ಹೊರಟುಬಿಟ್ರೆ ನಂಗೂ ನೆಮ್ಮದಿ."

ಅಜ್ಜಿ ಮುಂದೆ ಏನೂ ಕೇಳಲಿಲ್ಲ. ಹೆಣ್ಣುಮಗಳ ಮನಸ್ಸು ನೋಯಿಸಬಾರದು ಎಂಬ ಸೂಕ್ಷ್ಮ ಅವರಿಗಿದೆ. ಕೆಳಗಿಳಿಯುತ್ತಾ ಪ್ರತಿ ಬಾಗಿಲಲ್ಲೂ ನಿಂತು ಆ ಸೂಕ್ಷ್ಮವನ್ನು ಎಲ್ಲರಿಗೂ ತಿಳಿಸಿದರು. "ಯಾರೂ ಅವಳ ಹತ್ರ ಕೇಳಬೇಡಿ. ಪಾಪ, ನಗ್ತಾ ಇದ್ದಾಳೆ. ಒಳಗೆ ಏನಾಗ್ತಿದೆಯೋ."

"ಸಂಜೆ ಚೀಲದ ಜೊತೆ ವಾಪಸ್ ಬರ್ತಾರಲ್ಲ ಅಜ್ಜಿ?" ಎಂದು ಮೊದಲ ಮಹಡಿಯವರು ಅನುಮಾನ ಎತ್ತಿದರು.

"ಚೀಲ ಬರುತ್ತೆ," ಎಂದರು ಅಜ್ಜಿ. "ಒಳಗಿದ್ದದ್ದು ಬರುತ್ತಾ?"

ತಕ್ಕಡಿಯವರು ಬೇರೆಲ್ಲೋ ಮನೆ ಮಾಡುತ್ತಿದ್ದಾರೆ, ದಿನಕ್ಕೊಂದು ಚೀಲದಂತೆ ಸಂಸಾರ ಸಾಗಿಸುತ್ತಿದ್ದಾರೆ ಎಂದು ಕಟ್ಟಡ ತೀರ್ಮಾನಿಸಿತು. ಅನುಭವಿ ಎಂಬ ಕಾರಣಕ್ಕೆ ಮೂರನೇ ಮಹಡಿಯ ಯಜಮಾನರ ಅಭಿಪ್ರಾಯವನ್ನೂ ಕೇಳಲಾಯಿತು.

"ನಾನು ಹೋದಾಗ ಒಂದೇ ಏಟಿಗೆ ಹೋದೆ," ಎಂದರು ಅವರು, ಸ್ವಲ್ಪ ಯೋಚಿಸಿ. "ಹೀಗೆ ತಾಲೀಮು ಮಾಡ್ಲಿಲ್ಲ. ಇಸ್ತ್ರಿ ಪೆಟ್ಟಿಗೆ ತಗೊಂಡು ಹೋಗೋದು ಹೊಳೀಲೇ ಇಲ್ಲ. ಎರಡು ವರ್ಷ ಮುದುಡಿದ ಅಂಗಿ ಹಾಕ್ಕೊಂಡಿದ್ದೆ. ಇವರು ನನಗಿಂತ ಮುಂದಾಲೋಚನೆಯವರು."

ಅವರ ಹೆಂಡತಿ ಒಳಗಿಂದ ಕರೆದಳು. ಅವರು ಎದ್ದು ಹೋದರು.

ಕಚೇರಿಯಲ್ಲೂ ಸಂಗತಿ ಬೇರೆ ರೀತಿ ಇರಲಿಲ್ಲ. ಕುಳಿತಾಗ ಚೀಲ ಬೆನ್ನಿಗೆ ಹೇಗೆ ಕೂರುತ್ತದೆ ಎಂದು ನೋಡಲು ತಕ್ಕಡಿಯವರು ಅದನ್ನು ತೆಗೆಯದೆಯೇ ಮೇಜಿನ ಮುಂದೆ ಕೂರುತ್ತಿದ್ದರು. ಇಸ್ತ್ರಿ ಪೆಟ್ಟಿಗೆ ಬೆನ್ನ ಮೇಲಿದ್ದುದರಿಂದ ಅಂಗಿಗೆ ಇಸ್ತ್ರಿ ಇರಲಿಲ್ಲ. ಬೆನ್ನಲ್ಲಿ ಚೀಲ, ಮೈಮೇಲೆ ಮುದುಡಿದ ಅಂಗಿ, ಕುರ್ಚಿಯ ತುದಿಯಲ್ಲಿ ಕುಳಿತ ಭಂಗಿ, ಇವೆಲ್ಲ ಮೇಲಧಿಕಾರಿಗಳ ಕಣ್ಣಿಗೆ ಬಿದ್ದವು. ಗುರುವಾರ ಅವರು ತಕ್ಕಡಿಯವರನ್ನು ಒಳಗೆ ಕರೆದು ಬಾಗಿಲು ಹಾಕಿಸಿದರು.

"ಏನ್ರೀ, ಕೆಲಸ ಬಿಡೋ ಯೋಚನೆ ಏನಾದ್ರೂ ಇದೆಯಾ?"

"ಇಲ್ಲ ಸಾರ್!"

"ಮತ್ತೆ ಯಾವಾಗ್ಲೂ ಹೊರಟವರ ಹಾಗೆ ಕೂತಿರ್ತೀರಲ್ಲ. ಮನಸ್ಸು ಬಿಚ್ಚಿ ಹೇಳ್ರಿ. ಏನು ಕಷ್ಟ?"

ತಕ್ಕಡಿಯವರಿಗೆ ಕಣ್ಣು ಒದ್ದೆಯಾಯಿತು. ತಮ್ಮ ಚೀಲದ ಬಗ್ಗೆ ಇಷ್ಟು ಆಸಕ್ತಿ ತೋರಿಸಿದ ಮೊದಲನೆಯವರು ಅವರು. "ಸಾರ್, ಕಷ್ಟ ಅಂದ್ರೆ, ಭಾರ ಎಲ್ಲಾ ಹೆಗಲ ಮೇಲೇ ಬೀಳ್ತಿದೆ. ಸೋಮವಾರದಿಂದ ನಿದ್ದೆ ಇಲ್ಲ. ಹೊಂದಿಸಿ ಹೊಂದಿಸಿ ಸಾಕಾಯ್ತು."

ಅಧಿಕಾರಿಗಳು ಫೈಲು ಎಳೆದುಕೊಂಡರು. ಮಧ್ಯಾಹ್ನದೊಳಗೆ ಆದೇಶ ಹೊರಟಿತು. ಊರಿನ ದೊಡ್ಡ ಮಾರುಕಟ್ಟೆಯ ತಪಾಸಣೆಯನ್ನು ತಕ್ಕಡಿಯವರಿಂದ ತೆಗೆದು ಇನ್ನೊಬ್ಬರಿಗೆ ಕೊಡಲಾಯಿತು. ಯಾಕೆಂದು ತಕ್ಕಡಿಯವರಿಗೆ ತಿಳಿಯಲಿಲ್ಲ. ಇನ್ನೊಬ್ಬರಿಗೂ ತಿಳಿಯಲಿಲ್ಲ.

ನೀಲಿ ಚೀಲಕ್ಕೆ ಸೊಂಟದ ಪಟ್ಟಿಯೇನೋ ಇತ್ತು, ಆದರೆ ತಕ್ಕಡಿಯವರು ಎತ್ತರದವರಾದ್ದರಿಂದ ಅದು ಸೊಂಟಕ್ಕೆ ಬರದೆ ಹೊಟ್ಟೆಯ ಮೇಲೆ ಕೂರುತ್ತಿತ್ತು. ಊಟದ ನಂತರ ಉಸಿರು ಕಟ್ಟುತ್ತಿತ್ತು. ಗುರುವಾರ ಸಂಜೆ ಅಂಗಡಿಯ ಯಜಮಾನಿ ಅವರನ್ನು ಹಿಂದಕ್ಕೆ ತಿರುಗಿಸಿ, ಕತ್ತಿನ ಮೂಳೆಯಿಂದ ಸೊಂಟದವರೆಗೆ ಟೇಪು ಹಿಡಿದು ಅಳೆದಳು. ಅಳತೆ ಇಲಾಖೆಯವರನ್ನು ಯಾರಾದರೂ ಅಳೆದದ್ದು ಅದೇ ಮೊದಲು.

"ನಿಮ್ಮ ಬೆನ್ನು ಉದ್ದ ಸಾರ್. ಇಷ್ಟು ದಿನದಿಂದ ಗಿಡ್ಡ ಬೆನ್ನಿನವರ ಚೀಲ ಹೊತ್ತಿದ್ದೀರಿ. ನಾನಾದ್ರೂ ಮೊದಲೇ ಅಳೀಬೇಕಿತ್ತು, ನೀವಾದ್ರೂ ಕೇಳಬೇಕಿತ್ತು. ಹೋಗ್ಲಿ, ಇದನ್ನ ಹೊತ್ಕೊಳ್ಳಿ."

ಮೂರನೆಯ ಚೀಲ ಬೂದು ಬಣ್ಣದ್ದು. ಒಳಗೆ ಮೆತ್ತೆಯ ಖಾನೆಗಳು. ಬೆನ್ನಿಗೆ ತಾಗುವ ಕಡೆಯಿಂದಲೇ ತೆರೆದುಕೊಳ್ಳುವ ಬಾಯಿ, ಹಾಗಾಗಿ ನೆಲದ ಕೆಸರು ಹೆಗಲಿನ ಪಟ್ಟಿಗೆ ಮೆತ್ತುವುದಿಲ್ಲ. ಸೊಂಟದ ಪಟ್ಟಿಯನ್ನು ಮೊದಲು ಬಿಗಿದು, ಆಮೇಲೆ ಹೆಗಲಿನದನ್ನು ಎಳೆದಾಗ ಇಸ್ತ್ರಿ ಪೆಟ್ಟಿಗೆ, ಲಟ್ಟಣಿಗೆ, ಉಪ್ಪಿನ ಜಾಡಿ, ಚಮಚ ನಾಲ್ಕೂ ಎಲ್ಲಿ ಹೋದವೆಂದೇ ಗೊತ್ತಾಗಲಿಲ್ಲ. ತಕ್ಕಡಿಯವರು ಎರಡು ಸಲ ತಿರುಗಿ ನೋಡಿದರು, ಏನಾದರೂ ಬಿದ್ದಿದೆಯೇ ಎಂದು.

ಶುಕ್ರವಾರ ಬೆಳಿಗ್ಗೆ ಅವರು ಗೇಟಿನಿಂದ ಹೊರಟಾಗ ಮುಖದಲ್ಲಿ ನಗು ಇತ್ತು. ಅಜ್ಜಿ ಚಾಕು ಕೆಳಗಿಟ್ಟು ಫೋನ್ ಎತ್ತಿಕೊಂಡರು.

"ಮೂರನೇ ಚೀಲ. ನಗ್ತಾ ಹೋದ್ರು," ಎಂದರು ಫೋನಿನಲ್ಲಿ. "ಭಾನುವಾರ ಅಂತ ಅವಳೇ ಹೇಳಿದ್ದಾಳೆ. ಬೇಗ ಬನ್ನಿ."

ಫೋನಿನ ಆ ತುದಿಯಲ್ಲಿದ್ದವರು ತಕ್ಕಡಿಯವರ ಹೆಂಡತಿಯ ಅಣ್ಣ. ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡುವುದರಿಂದ ಬಂಧುಬಳಗದಲ್ಲಿ ಅವರಿಗೆ ಟಿಕೆಟ್ ಭಾವ ಎಂದು ಹೆಸರು. ಪ್ರಯಾಣಿಕರ ಸಾಮಾನು ನೋಡಿ ಅವರು ಎಷ್ಟು ದೂರ ಹೋಗುವವರೆಂದು ಹೇಳಬಲ್ಲೆನೆಂಬುದು ಅವರ ಹೆಮ್ಮೆ. ಶನಿವಾರ ಸಂಜೆ ಬಂದಿಳಿದವರೇ ಮೊದಲು ಕೆಳಮನೆಯಲ್ಲಿ ಅಜ್ಜಿಯಿಂದ ಪೂರ್ತಿ ವಿವರ ಪಡೆದರು.

"ಇಸ್ತ್ರಿ ಪೆಟ್ಟಿಗೆ ತಗೊಂಡು ಹೊರಟೋನು ಒಂದು ದಿನಕ್ಕೆ ಹೋಗೋನಲ್ಲ ಅಜ್ಜಿ," ಎಂದರು ಗಂಭೀರವಾಗಿ. "ಉಪ್ಪು ತಗೊಂಡು ಹೊರಟೋನು ಒಂದು ವಾರಕ್ಕೆ ಹೋಗೋನಲ್ಲ. ಲಟ್ಟಣಿಗೆ..." ಎಂದು ನಿಲ್ಲಿಸಿದರು. ಲಟ್ಟಣಿಗೆ ಹೊತ್ತ ಪ್ರಯಾಣಿಕನನ್ನು ಅವರು ಇಷ್ಟು ವರ್ಷದಲ್ಲಿ ಕಂಡಿರಲಿಲ್ಲ.

"ಕ್ಯಾಮೆರಾ ಗಿಮೆರಾ ಅಂತ ಏನೋ ಇತ್ತಲ್ಲ ಅವರದು?" ಎಂದರು ಅಜ್ಜಿ.

"ಅದು ಮುಗೀತು. ಹೋದ ವಾರ ಫೋನಲ್ಲಿ ನನಗೇ ಹೇಳಿದ್ರು, ಹೆಗಲು ಹೋಯ್ತು ಭಾವ, ಆ ಬೆಟ್ಟದ ಸಹವಾಸ ಸಾಕು ಅಂತ."

ಟಿಕೆಟ್ ಭಾವ ಮೇಲೆ ಹೋದರು. ಅಣ್ಣ ಹೇಳದೆ ಕೇಳದೆ ಬಂದದ್ದು ಕಂಡು ತಂಗಿ ಹಿಗ್ಗಿದಳು. ತಂಗಿಯ ಹಿಗ್ಗು ಕಂಡು ಅಣ್ಣ ಅವಳ ತಲೆ ಸವರಿದರು. ಬಾಗಿಲ ಪಕ್ಕ ಬೂದು ಚೀಲ ಸಿದ್ಧವಾಗಿ ನಿಂತಿತ್ತು. ಟಿಕೆಟ್ ಭಾವ ಅದನ್ನು ನೋಡದವರಂತೆ ನೋಡಿದರು. ಪ್ರಯಾಣಿಕನನ್ನು ನೇರ ಕೇಳಿದರೆ ಅವನು ನೇರ ಸುಳ್ಳು ಹೇಳುತ್ತಾನೆ ಎಂಬುದು ಅವರ ವೃತ್ತಿಯ ಪಾಠ. ಆದ್ದರಿಂದ ಬಳಸಿ ಕೇಳಿದರು.

"ಏನ್ ಭಾವ, ಬಹಳ ಖುಷಿಯಾಗಿದ್ದೀರಿ?"

"ಹೌದು ಭಾವ. ಬಹಳ ದಿನದ ಮೇಲೆ ಮೈ ಹಗುರಾಗಿದೆ. ನಾಳೆ ಬೆಳಿಗ್ಗೆ ಬೆಟ್ಟಕ್ಕೆ."

"ಬೆಟ್ಟಕ್ಕೆ! ವಾಪಸ್ ಬರೋದು ಯಾವಾಗ?"

"ಅದನ್ನೇನು ಈಗಲೇ ಹೇಳೋಕಾಗುತ್ತೆ? ಸಿಕ್ಕಿದ್ರೆ ಬೇಗ. ಸಿಗದಿದ್ರೆ ಅಲ್ಲೇ ಕೂರೋದು," ಎಂದು ಹೇಳಿ ತಕ್ಕಡಿಯವರು ಟವೆಲ್ ಹೆಗಲಿಗೆ ಹಾಕಿಕೊಂಡು ಸ್ನಾನಕ್ಕೆ ಹೋದರು.

ಬೆಟ್ಟದಲ್ಲಿ ಕೂತು ಸಿಗುವಂಥದ್ದು ಟಿಕೆಟ್ ಭಾವನಿಗೆ ಗೊತ್ತಿದ್ದಂತೆ ಒಂದೇ, ಮೋಕ್ಷ. ತಂಗಿ ಅಡುಗೆಮನೆಯಲ್ಲಿದ್ದಳು. ಅವರು ಚೀಲದ ಜಿಪ್ಪು ಎಳೆದರು. ಒಳಗೆ ಕ್ಯಾಮೆರಾ, ಲೆನ್ಸು, ಬ್ಯಾಟರಿಗಳಿದ್ದವು. ಇಸ್ತ್ರಿ ಪೆಟ್ಟಿಗೆ ಎಲ್ಲಿ? ಮೇಜಿನ ಮೇಲೆ ಹಳೆ ಟವೆಲಿನ ಗಂಟೊಂದಿತ್ತು. ಬಿಚ್ಚಿದರೆ ಇಸ್ತ್ರಿ ಪೆಟ್ಟಿಗೆ, ಲಟ್ಟಣಿಗೆ, ಉಪ್ಪಿನ ಜಾಡಿ, ಚಮಚ.

ಟಿಕೆಟ್ ಭಾವ ಎಡಗೈಯಲ್ಲಿ ಚೀಲದ ಸಾಮಾನು, ಬಲಗೈಯಲ್ಲಿ ಗಂಟು ಎತ್ತಿ ನೋಡಿದರು. ಸಾಮಾನಿನ ತೂಕದಲ್ಲಿ ಅವರ ಕೈಗೆ ಮೋಸವಿಲ್ಲ. ಎರಡೂ ಸರಿಸಮ. ಪಾಲು! ಮನೆಯ ಸಾಮಾನು ಹೆಂಡತಿಗೆ, ಕ್ಯಾಮೆರಾ ಗಂಡನಿಗೆ. ಗ್ರಾಮಿನ ವ್ಯತ್ಯಾಸವಿಲ್ಲದೆ ಸಂಸಾರವನ್ನು ಎರಡು ಭಾಗ ಮಾಡಬಲ್ಲ ಮನುಷ್ಯ ಈ ಊರಿನಲ್ಲಿ ಒಬ್ಬನೇ.

ಮುಂದೆ ಟಿಕೆಟ್ ಭಾವ ಮಾಡಿದ್ದನ್ನು ಅವರ ದೃಷ್ಟಿಯಿಂದ ನೋಡಬೇಕು. ತಕ್ಕಡಿ ಭಾವನಿಗೆ ಈ ಮನೆಯಲ್ಲಿ ಪ್ರಾಣವಾದದ್ದು ಕ್ಯಾಮೆರಾ. ಅದು ಜೊತೆಗಿದ್ದರೆ ಮನುಷ್ಯ ಎಲ್ಲಿ ಬೇಕಾದರೂ ಇರಬಲ್ಲ. ಅದು ಮನೆಯಲ್ಲಿದ್ದರೆ ಎಷ್ಟೇ ದೂರ ಹೋದರೂ ವಾಪಸ್ ಬರಲೇಬೇಕು. ಅವರು ಸರಸರನೆ ಕ್ಯಾಮೆರಾ, ಲೆನ್ಸು, ಬ್ಯಾಟರಿಗಳನ್ನು ತೆಗೆದು ಬೀರುವಿನ ಕಂಬಳಿಗಳ ಅಡಿಯಲ್ಲಿಟ್ಟರು. ಇಸ್ತ್ರಿ ಪೆಟ್ಟಿಗೆಯನ್ನೂ ಉಪ್ಪಿನ ಜಾಡಿಯನ್ನೂ ಚೀಲಕ್ಕೆ ಹಾಕಿದರು. ಲಟ್ಟಣಿಗೆ ಲೆನ್ಸಿನ ಖಾನೆಯಲ್ಲಿ ಅಳತೆ ಕೊಟ್ಟು ಮಾಡಿಸಿದಂತೆ ಕುಳಿತಿತು. ಚಮಚವನ್ನೂ ಮರೆಯಲಿಲ್ಲ. ತಕ್ಕಡಿಯವರು ತಲೆ ಒರೆಸಿಕೊಳ್ಳುತ್ತಾ ಹೊರಬರುವಷ್ಟರಲ್ಲಿ ಜಿಪ್ಪು ಹಾಕಿಯಾಗಿತ್ತು.

ಭಾನುವಾರ ಬೆಳಗಾಗುತ್ತಿದ್ದಂತೆ ತಕ್ಕಡಿಯವರು ಚೀಲ ಎತ್ತಿ ನೋಡಿದರು. ತೂಕ ಸರಿಯಾಗಿತ್ತು. ತೂಕ ಸರಿಯಿದ್ದ ಮೇಲೆ ಬಿಚ್ಚಿ ನೋಡುವ ಅಭ್ಯಾಸ ಅವರ ಇಲಾಖೆಯಲ್ಲಿಲ್ಲ. ಸೊಂಟದ ಪಟ್ಟಿ ಬಿಗಿದು ಹೊರಟರು. ಕಟ್ಟಡದ ಕಿಟಕಿಗಳಲ್ಲೆಲ್ಲ ಮುಖಗಳಿದ್ದವು. ಇಷ್ಟು ಜನ ತಮಗೆ ಶುಭ ಕೋರಲು ಎದ್ದಿದ್ದಾರೆಂದು ತಕ್ಕಡಿಯವರಿಗೆ ಅಚ್ಚರಿಯಾಯಿತು. ಕೈಬೀಸಿದರು. ಯಾರೂ ಬೀಸಲಿಲ್ಲ. ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡರು.

ಸ್ವಲ್ಪ ಹೊತ್ತಿನ ನಂತರ ಹೆಂಡತಿ ಮೇಜಿನ ಸುತ್ತ ಹುಡುಕತೊಡಗಿದಳು. "ಅಣ್ಣಾ, ಇಲ್ಲೊಂದು ಗಂಟಿತ್ತಲ್ಲ? ಅಂತೂ ಇವತ್ತು ಇಸ್ತ್ರಿ ಪೆಟ್ಟಿಗೆ ಸಿಗ್ತು ಅಂತಿದ್ದೆ."

ಟಿಕೆಟ್ ಭಾವ ಚಹಾದ ಲೋಟ ಕೆಳಗಿಟ್ಟು ತಂಗಿಯ ಕೈ ಹಿಡಿದರು. "ಗಟ್ಟಿ ಮನಸ್ಸು ಮಾಡ್ಕೋ ತಾಯಿ. ಅವರು ಹೋದ್ರು. ಆದ್ರೆ ಬರ್ತಾರೆ, ನೋಡ್ತಿರು. ಕ್ಯಾಮೆರಾ ನಾನು ತೆಗೆದಿಟ್ಟಿದ್ದೀನಿ!"

ಬಾಗಿಲಲ್ಲಿ ಅಜ್ಜಿ, ಅಜ್ಜಿಯ ಹಿಂದೆ ಮೂರು ಮಹಡಿಯ ಜನ ಸೇರಿದ್ದರು. ಹೆಂಡತಿ ಎಲ್ಲರ ಮುಖ ನೋಡಿದಳು. ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದ ಮೇಲೆ ನಗಲು ಶುರು ಮಾಡಿದವಳು ಕುರ್ಚಿ ಹಿಡಿದು ಕುಳಿತಳು. ಅಜ್ಜಿ ನೀರು ತರಲು ಓಡಿದರು.

ನಗು ಇದ್ದಕ್ಕಿದ್ದಂತೆ ನಿಂತಿತು. "ಅಯ್ಯೋ ಅಣ್ಣಾ! ಅವರು ಮಿಂಚುಳ್ಳಿ ಫೋಟೋಗೆ ಹೋಗಿರೋದು! ಇವತ್ತು ಬಿಟ್ರೆ ಹಕ್ಕಿ ಇಲ್ಲ. ಮೇಷ್ಟ್ರು ಕೊನೇ ಸಲ ಅಂದಿದ್ದಾರೆ. ಒಂದು ವಾರದಿಂದ ಅದನ್ನೇ ಹಲುಬ್ತಿದ್ದಾರೆ ಪಾಪ. ಮೇಲೆ ಹೋಗಿ ಚೀಲ ಬಿಚ್ಚಿದ್ರೆ ನನ್ನ ಲಟ್ಟಣಿಗೆ!"

"ಫೋನ್ ಮಾಡು."

"ಬೆಟ್ಟದ ಮೇಲೆ ಎಲ್ಲಿ ಸಿಗುತ್ತೆ ಫೋನು? ಏಳು. ತಗೊಂಡು ಹೋಗಿ ಕೊಡು."

"ನಾನಾ? ಬೆಟ್ಟಾನಾ?"

"ಮತ್ತೆ ನಾನಾ?"

ಮನೆಯಲ್ಲಿ ಇನ್ನೊಂದು ಚೀಲವಿರಲಿಲ್ಲ. ಕ್ಯಾಮೆರಾ, ಲೆನ್ಸು, ಬ್ಯಾಟರಿಗಳನ್ನು ಕಂಬಳಿಯಲ್ಲಿ ಸುತ್ತಿ ತರಕಾರಿ ಚೀಲಕ್ಕೆ ಹಾಕಿ ಅಣ್ಣನ ಕೈಗೆ ಕೊಟ್ಟಳು. "ಒಬ್ಬರೇ ಹೋಗೋದು ಬೇಡ, ನಾನೂ ಜೊತೆಗೆ ಬರ್ತೀನಿ," ಎಂದು ಮೂರನೇ ಮಹಡಿಯ ಯಜಮಾನರು ಉತ್ಸಾಹದಿಂದ ಮುಂದೆ ಬಂದರು.

"ನೀವು ಎಲ್ಲಿಗೂ ಹೋಗೋದು ಬೇಡ," ಎಂದಳು ಅವರ ಹೆಂಡತಿ. ಕಟ್ಟಡದ ಸಮಸ್ತರೂ ಅದಕ್ಕೆ ದನಿಗೂಡಿಸಿದರು.

ಅತ್ತ ಬೆಟ್ಟದಲ್ಲಿ ತಕ್ಕಡಿಯವರು ಎಲ್ಲೂ ಕೂರಲಿಲ್ಲ. ಹಿಂದಿನ ಎರಡು ಸಲ ಕುಳಿತಿದ್ದ ಕಲ್ಲು ಬಂದಾಗ ಅದರ ಕಡೆ ತಲೆಯಾಡಿಸಿ ಮುಂದೆ ನಡೆದರು. ಡ್ರಿಲ್ ಮೇಷ್ಟ್ರು ತಿರುಗಿ ತಿರುಗಿ ನೋಡಿದರು. ಕೆರೆ ಬಂತು. ತಕ್ಕಡಿಯವರ ಹೆಗಲಿನಲ್ಲಿ ನೋವಿಲ್ಲ, ಮುಖದಲ್ಲಿ ಬೆವರೂ ಹೆಚ್ಚಿಲ್ಲ. ಮೇಷ್ಟ್ರು ಸೀಟಿ ತೆಗೆದರು.

"ಭೇಷ್! ಚೀಲ ಅಂದ್ರೆ ಹೀಗಿರ್ಬೇಕು. ಎಲ್ಲರೂ ಬನ್ರಿ ಇಲ್ಲಿ, ನೋಡಿ ಕಲೀರಿ. ಬಿಚ್ರಿ ನೋಡೋಣ, ಒಳಗೆ ಹೇಗೆ ಜೋಡಿಸಿದ್ದೀರಿ."

ಬಳಗವೆಲ್ಲ ಸುತ್ತ ನಿಂತಿತು. ತಕ್ಕಡಿಯವರು ಅಧ್ಯಾಪಕರ ಠೀವಿಯಿಂದ ಜಿಪ್ಪು ಎಳೆದರು.

ಇಸ್ತ್ರಿ ಪೆಟ್ಟಿಗೆ ಬಿಸಿಲಿಗೆ ಹೊಳೆಯಿತು.

ದೂರದ ದಂಡೆಯ ಕೊಂಬೆಯೊಂದರಲ್ಲಿ ಮಿಂಚುಳ್ಳಿ ಎಲೆಗಳ ಮರೆಯಲ್ಲಿ ಕುಳಿತಿತ್ತು.

"ಏನ್ರೀ ಇದು?" ಎಂದರು ಮೇಷ್ಟ್ರು. "ಹಕ್ಕಿ ಗರಿಗೆ ಇಸ್ತ್ರಿ ಹಾಕ್ತೀರಾ?"

ತಕ್ಕಡಿಯವರು ಜಾಡಿ ತೆಗೆದರು. ಚಮಚ ತೆಗೆದರು. "ತೂಕ ಸರಿಯಾಗೇ ಇದೆ ಮೇಷ್ಟ್ರೇ," ಎಂದರು ಸಣ್ಣ ದನಿಯಲ್ಲಿ.

"ಲಟ್ಟಣಿಗೇನೂ ಇದೆ!" ಎಂದಿತು ಹಿಂದಿನಿಂದ ಒಂದು ದನಿ. "ಒಲೆ ಯಾರ ಚೀಲದಲ್ಲಿದೆ ಸಾರ್?"

ಬಳಗ ನಕ್ಕಿತು. ನಕ್ಕು ನಕ್ಕು ತನ್ನ ತನ್ನ ಕ್ಯಾಮೆರಾಗಳಿಗೆ ಹೋಯಿತು. ಆದರೆ ಹಕ್ಕಿ ಎಲೆಯ ಮರೆಯಿಂದ ಹೊರಬರಲಿಲ್ಲ. ತಕ್ಕಡಿಯವರು ಲಟ್ಟಣಿಗೆ ಹಿಡಿದು ನೀರಿನ ಅಂಚಿಗೆ ಹೋದರು. ಕೈಗೆ ಬೇರೆ ಕೆಲಸವಿಲ್ಲದೆ ಅದನ್ನು ಕೆಸರಿನಲ್ಲಿ ನೆಟ್ಟರು. ಅದು ನೆಟ್ಟಗೆ ನಿಂತಿತು. ಸ್ವಲ್ಪ ವಾಲುತ್ತಿದೆ ಅನ್ನಿಸಿ ಮತ್ತೆ ಸರಿಪಡಿಸಿದರು. ಆಮೇಲೆ ಹತ್ತು ಹೆಜ್ಜೆ ಹಿಂದೆ ಬಂದು ಹುಲ್ಲಿನ ಮೇಲೆ ಕುಳಿತರು. ಕೆರೆ ಮುಟ್ಟಿದ್ದಾಗಿತ್ತು, ಈಗ ಕೂರುವುದಕ್ಕೆ ನಿಷೇಧವಿರಲಿಲ್ಲ.

ಬಿಸಿಲು ಏರುತ್ತಿತ್ತು. ಇದ್ದಕ್ಕಿದ್ದಂತೆ ಕೆಳಗಿನಿಂದ ಯಾರೋ ಕೂಗುವುದು ಕೇಳಿಸಿತು.

"ಭಾವಾ! ಭಾವಾ! ಹೋಗಬೇಡಿ ಭಾವಾ! ಅಲ್ಲ, ಇರಿ ಭಾವಾ!"

ಮಿಂಚುಳ್ಳಿ ಕೊಂಬೆ ಬಿಟ್ಟು ಹಾರಿತು. ಬಳಗವೆಲ್ಲ ಒಟ್ಟಿಗೆ 'ಶ್' ಎಂದಿತು. ತರಕಾರಿ ಚೀಲವನ್ನು ಎದೆಗವಚಿಕೊಂಡು ಟಿಕೆಟ್ ಭಾವ ದಿಬ್ಬದ ಮೇಲೆ ಕಾಣಿಸಿಕೊಂಡರು. ಅವರ ಎಡಗೈ ಸೋತಿತ್ತು, ಬಲಗೈ ಸೋತಿತ್ತು, ಹೆಗಲು ಎರಡೂ ಹೋಗಿದ್ದವು. ತಕ್ಕಡಿಯವರ ಪಕ್ಕಕ್ಕೆ ಬಂದವರೇ ಚೀಲವನ್ನು ಅವರ ತೊಡೆಯ ಮೇಲಿಟ್ಟು, ಬಳಗದವರ ದಾರಿಗೆ ಅಡ್ಡಲಾಗಿ ಉದ್ದಕ್ಕೆ ಬಿದ್ದುಕೊಂಡರು.

"ಕ್ಯಾಮೆರಾ," ಎಂದರು, ಕಣ್ಣು ಮುಚ್ಚಿ.

"ನೀವು ಯಾವಾಗ ತೆಗೆದ್ರಿ?"

"ನೀವು ಸ್ನಾನಕ್ಕೆ ಹೋದಾಗ."

"ಯಾಕೆ ಭಾವ?"

"ನೀವು ವಾಪಸ್ ಬರ್ಲಿ ಅಂತ."

ತಕ್ಕಡಿಯವರು ಇನ್ನೇನೋ ಕೇಳಲು ಬಾಯಿ ತೆರೆದರು. ಅಷ್ಟರಲ್ಲಿ ಮೇಷ್ಟ್ರ ಕೈ ಮೇಲೆದ್ದಿತು. ಕೆರೆಗೆ ಒಂದು ಸುತ್ತು ಹಾಕಿದ ಮಿಂಚುಳ್ಳಿ ನೀರಿಗೆ ಬಿದ್ದು, ಮೀನು ಕಚ್ಚಿಕೊಂಡು ಎದ್ದು, ಕೂರಲು ಜಾಗ ಹುಡುಕಿ, ಅಂಚಿನಲ್ಲಿ ಒಂಟಿಯಾಗಿ ನಿಂತಿದ್ದ ಲಟ್ಟಣಿಗೆಯ ಮೇಲೆ ಬಂದು ಕುಳಿತಿತು.

ಹಿಂದೆ ನಿಂತಿದ್ದವರು ಮುಂದೆ ಬರುವಂತಿರಲಿಲ್ಲ, ಟಿಕೆಟ್ ಭಾವ ಅಡ್ಡ ಮಲಗಿದ್ದರು. ಬದಿಗೆ ಸರಿದರೆ ಹಕ್ಕಿ ಹಾರುತ್ತದೆ. ತಕ್ಕಡಿಯವರು ಕಂಬಳಿ ಬಿಚ್ಚಿ, ಸದ್ದಿಲ್ಲದೆ ಲೆನ್ಸು ಕೂಡಿಸಿ, ಕ್ಯಾಮೆರಾವನ್ನು ಭಾವನ ಹೊಟ್ಟೆಯ ಮೇಲೆ ಊರಿದರು.

"ಉಸಿರು ಬಿಗಿ ಹಿಡೀರಿ ಭಾವ," ಎಂದು ಪಿಸುಗುಟ್ಟಿದರು.

ಟಿಕೆಟ್ ಭಾವನಲ್ಲಿ ಹಿಡಿಯುವಷ್ಟು ಉಸಿರು ಉಳಿದಿರಲಿಲ್ಲ. ಹೊಟ್ಟೆ ಅಲುಗಾಡದೆ ನಿಂತಿತು. ತಕ್ಕಡಿಯವರು ಹಕ್ಕಿ ಮೀನು ನುಂಗುವವರೆಗೂ ಫೋಟೋ ತೆಗೆದರು.

ಇಳಿಯುವಾಗ ಕ್ಯಾಮೆರಾ, ಲೆನ್ಸು, ಇಸ್ತ್ರಿ ಪೆಟ್ಟಿಗೆ, ಲಟ್ಟಣಿಗೆ, ಜಾಡಿ ಎಲ್ಲವೂ ಬೂದು ಚೀಲಕ್ಕೆ ಸೇರಿದವು. ಅದನ್ನು ಅಪರಾಧಿಯೇ ಹೊರಬೇಕೆಂದು ಮೇಷ್ಟ್ರು ತೀರ್ಪು ಕೊಟ್ಟರು. ತಕ್ಕಡಿಯವರು ಭಾವನ ಸೊಂಟದ ಪಟ್ಟಿಯನ್ನು ಬಿಗಿದು, ಹೆಗಲಿನದನ್ನು ಎಳೆದು ಕೊಟ್ಟರು. ಟಿಕೆಟ್ ಭಾವ ನಾಲ್ಕು ಹೆಜ್ಜೆ ನಡೆದು ನಿಂತರು.

"ಭಾವ, ಒಳಗೆ ಸಾಮಾನು ಹಾಕಿದ್ದೀರೋ ಇಲ್ಲವೋ?"

"ಎರಡು ಪಾಲೂ ಇದೆ."

"ಹೊತ್ತ ಹಾಗೇ ಇಲ್ಲವಲ್ಲ!" ಎಂದರು ಟಿಕೆಟ್ ಭಾವ. ಕೆಳಗೆ ತಲುಪುವವರೆಗೆ ಅದನ್ನೇ ಇನ್ನೂ ಹಲವು ಸಲ ಹೇಳಿದರು.

ಸೋಮವಾರ ಅಂಗಡಿಯ ಯಜಮಾನಿ ಬೂದು ಚೀಲದ ಚೀಟಿಯನ್ನು ತಾನೇ ಕತ್ತರಿಸಿ ಕೊಟ್ಟಳು. ಡ್ರಿಲ್ ಮೇಷ್ಟ್ರು ಬಳಗದವರೆಲ್ಲ ಇನ್ನು ಮುಂದೆ ಒಂದೊಂದು ಲಟ್ಟಣಿಗೆ ತರಬೇಕೆಂದು ಸೂಚಿಸಿದರು. ಮಾರುಕಟ್ಟೆಯ ತಪಾಸಣೆ ಕೆಲಸ ತಕ್ಕಡಿಯವರಿಗೆ ವಾಪಸ್ ಬರಲಿಲ್ಲ, ಅವರು ಕೇಳಲೂ ಇಲ್ಲ. ಫೋಟೋ ಕಟ್ಟಡದ ಮೆಟ್ಟಿಲ ಬಳಿ ಗೋಡೆಗೆ ಬಂತು. ಹಕ್ಕಿ ಚೆನ್ನಾಗಿದೆ ಎಂದು ಎಲ್ಲರೂ ಒಪ್ಪಿದರು. ತಕ್ಕಡಿಯವರ ಹೆಂಡತಿ ಮಾತ್ರ ಲಟ್ಟಣಿಗೆಯನ್ನು ಎರಡು ಸಲ ಬಿಸಿನೀರಲ್ಲಿ ತೊಳೆದಳು.

"ನಾನು ಮೊದಲೇ ಹೇಳಿರ್ಲಿಲ್ವಾ," ಎಂದರು ಕೆಳಮನೆ ಅಜ್ಜಿ ಫೋಟೋದ ಮುಂದೆ ನಿಂತು, "ಲಟ್ಟಣಿಗೆ ಮನೆ ಬಿಟ್ಟು ಹೋಗಿದೆ ಅಂತ?"

ಟಿಕೆಟ್ ಭಾವ ತಮ್ಮ ಊರಿಗೆ ಮರಳಿದ ಮಾರನೆಯ ದಿನವೇ ಅಂಥದ್ದೇ ಒಂದು ಬೂದು ಚೀಲ ತಂದರು. ಹೊತ್ತು ನೋಡದೆ ಒಪ್ಪಬಾರದೆಂದು ಮನೆಯ ಇಸ್ತ್ರಿ ಪೆಟ್ಟಿಗೆಯನ್ನು ಒಳಗಿಟ್ಟುಕೊಂಡು ಬೆಳಿಗ್ಗೆ ಬೀದಿ ಸುತ್ತಿ ಬಂದರು. ಯಾವ ಕಿಟಕಿಯಿಂದ ಫೋನ್ ಹೋಯಿತೋ, ಗುರುವಾರ ಸಂಜೆ ಅವರ ಹೆಂಡತಿಯ ಅಕ್ಕ ಬಟ್ಟೆಬರೆಯ ಪೆಟ್ಟಿಗೆ ಸಮೇತ ಬಂದಿಳಿದಳು.